ಹಳೆಯ ಡಿವಿಡಿಯ ಗೆರೆಗಳಿಂದ ಆಲ್ಕೋಹಾಲ್ ಅಳೆದ ಬಗೆ

ನನ್ನ ಆಲ್ಕೋಹಾಲ್ ಸಂವೇದಕದಲ್ಲಿರುವುದು ಉಗುರಿನಗಲದ ಒಂದು ಜೆಲ್ ಹಾಳೆ, ಕೆಂಪು ಲೇಸರ್ ಪಾಯಿಂಟರ್ ಮತ್ತು ಗ್ರಾಫ್ ಹಾಳೆ ಅಂಟಿಸಿದ ಒಂದು ರಟ್ಟು. ಒಳ್ಳೆಯ ಸ್ಪೆಕ್ಟ್ರೋಮೀಟರ್ ಕೊಳ್ಳುವಷ್ಟು ಅನುದಾನ ನಮ್ಮ ಪದವಿ ಕಾಲೇಜಿಗೆ ಬರುವುದಿಲ್ಲ; ಬಂದರೂ ಮಾರ್ಚ್ ಕೊನೆಯ ವಾರದಲ್ಲಿ ಬಂದು, ಖರ್ಚು ಮಾಡುವಷ್ಟರಲ್ಲಿ ವಾಪಸು ಹೋಗಿರುತ್ತದೆ. ಆದ್ದರಿಂದ ಬೆಳಕಿನ ಬಣ್ಣ ಓದುವ ಗೊಡವೆಗೆ ಹೋಗದೆ, ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು ಅಳತೆಪಟ್ಟಿಯಿಂದ ಅಳೆಯುವ ದಾರಿ ಹಿಡಿದೆ.

ಜೆಲ್ ಹೊಸತೇನಲ್ಲ. ಮೃದು ಕಾಂಟ್ಯಾಕ್ಟ್ ಲೆನ್ಸಿಗೆ ಮೂಲವಾದ ಪಾಲಿಹೆಮಾ ಅದು. ಚೆಕ್ ರಸಾಯನಶಾಸ್ತ್ರಜ್ಞರಾದ ಓಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲೀಮ್ 1960ರಲ್ಲಿ ಇಂಥ ಜೆಲ್‌ಗಳ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. 1961ರ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಕಟ್ಟಿ ಲೆನ್ಸ್ ತಯಾರಿಸಿದ್ದರು. ಉಪಕರಣವಿಲ್ಲ ಎಂದು ಗೊಣಗುವ ವಿದ್ಯಾರ್ಥಿಗಳಿಗೆ ಈ ಕಥೆ ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ಪಾಲಿಹೆಮಾ ನೀರಿನಲ್ಲಿ ನೆನೆದರೆ ತೂಕದಲ್ಲಿ ಸುಮಾರು 40 ಪ್ರತಿಶತ ನೀರು ಹಿಡಿಯುತ್ತದೆ. ಆ ನೀರಿಗೆ ಮದ್ಯದಲ್ಲಿರುವ ಆಲ್ಕೋಹಾಲ್, ಅಂದರೆ ಎಥನಾಲ್, ಬೆರೆತರೆ ನೆನೆಹಾಕಿದ ಕಡಲೆಯಂತೆ ಇನ್ನಷ್ಟು ಉಬ್ಬುತ್ತದೆ. ಮೈಮೇಲೆ ಸೂಕ್ಷ್ಮ ಗೆರೆಗಳಿದ್ದರೆ ಜೆಲ್ ಉಬ್ಬಿದಂತೆ ಗೆರೆಗಳ ನಡುವಿನ ಅಂತರವೂ ಹಿಗ್ಗುತ್ತದೆ, ಅವುಗಳ ಮೂಲಕ ಹಾದ ಲೇಸರ್ ಬಾಗುವ ಕೋನ ಕಡಿಮೆಯಾಗುತ್ತದೆ.

ಗೆರೆ ಎಳೆಯುವ ಕಷ್ಟ ನನಗಿರಲಿಲ್ಲ, ಖಾಲಿ ಡಿವಿಡಿಯಲ್ಲಿ ಅವು ಸಿದ್ಧವಾಗಿಯೇ ಇರುತ್ತವೆ. ಸಿಡಿಯಲ್ಲಿ ಸುರುಳಿಗಳ ಅಂತರ 1.6 ಮೈಕ್ರಾನ್, ಡಿವಿಡಿಯಲ್ಲಿ 0.74. ಬರೆಯಬಹುದಾದ ಡಿವಿಡಿಯ ಅಂಚಿಗೆ ಬ್ಲೇಡ್ ತೂರಿಸಿದರೆ ಅದು ಎರಡು ಹಾಳೆಗಳಾಗಿ ಬಿಚ್ಚಿಕೊಳ್ಳುತ್ತದೆ. ಒಳಮೈಯ ನೇರಳೆ ಬಣ್ಣವನ್ನು ಸ್ಪಿರಿಟ್‌ನಲ್ಲಿ ತೊಳೆಯಬೇಕು. ಅಸಿಟೋನ್ ಮುಟ್ಟಿಸಿದರೆ ಪ್ಲಾಸ್ಟಿಕ್ಕೇ ಹಾಳಾಗುತ್ತದೆ. ಆ ಗೆರೆಗಳ ಮೇಲೆ ಸಿಲಿಕೋನ್ ರಬ್ಬರ್ ಎರೆದು ಅಚ್ಚು ತೆಗೆದು, ಅಚ್ಚಿನ ಮೇಲೆ ಹೆಮಾ (ಪಾಲಿಹೆಮಾದ ಮೂಲ ದ್ರವ), ಅದರ ಎಳೆಗಳನ್ನು ಬೆಸೆಯುವ ಜೋಡಕ ಮತ್ತು ಬೆಳಕಿಗೆ ಚುರುಕಾಗುವ ರಾಸಾಯನಿಕದ ಮಿಶ್ರಣ ಸುರಿದು, 365 ನ್ಯಾನೊಮೀಟರ್‌ನ ನೇರಳಾತೀತ ದೀಪದ ಕೆಳಗೆ ಗಟ್ಟಿಮಾಡಿದೆ. ಮಿಶ್ರಣಕ್ಕೆ ಮೊದಲೇ 40 ಪ್ರತಿಶತ ನೀರು ಸೇರಿಸಿಟ್ಟರೆ, ಆಮೇಲೆ ನೆನೆಸಿದಾಗ ಗೆರೆಗಳ ಅಂತರ ಹೆಚ್ಚು ಬದಲಾಗುವುದಿಲ್ಲ. ಗಟ್ಟಿಯಾಗುವುದನ್ನು ತಡೆಯುವ ಆಮ್ಲಜನಕವನ್ನು ಸಿಲಿಕೋನ್ ಗಾಳಿಯಿಂದ ಒಳಗೆ ಬಿಡುವುದರಿಂದ ಜೆಲ್‌ನ ಗೆರೆ ಇರುವ ಮೈಯೇ ಅಂಟಂಟಾಗಿ ಉಳಿಯುವ ಅಪಾಯವಿದೆ. ಅಚ್ಚನ್ನು ಮೊದಲೇ ನೈಟ್ರೋಜನ್‌ನಲ್ಲಿಟ್ಟರೆ ಅದು ತಪ್ಪುತ್ತದೆ. ಗಟ್ಟಿಯಾಗದ ಹೆಮಾ ಚರ್ಮಕ್ಕೆ ಅಲರ್ಜಿ ತರುತ್ತದೆ, ತೆಳು ಕೈಗವಸನ್ನೂ ದಾಟುತ್ತದೆ. ಕೈಗವಸಿಗೆ ತಾಗಿದ ಕೂಡಲೇ ಬದಲಿಸಿ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಜೆಲ್ ಜಾರದಿರಲಿ ಎಂದು ಅದನ್ನು ಸಿಲೇನ್ ಎಂಬ ಬೆಸುಗೆ ರಾಸಾಯನಿಕ ಹಚ್ಚಿದ ಗಾಜಿಗೆ ರಾಸಾಯನಿಕವಾಗಿ ಕಚ್ಚಿಸುವ ವಿಧಾನ ಬಹಳ ಕಡೆ ಇದೆ. ಹಾಗೆ ಕಚ್ಚಿದ ಜೆಲ್ ಅಗಲಕ್ಕೆ ಹಿಗ್ಗಲಾರದು, ದಪ್ಪಕ್ಕೆ ಮಾತ್ರ ಉಬ್ಬುತ್ತದೆ. ಹೊಲೋಗ್ರಾಮ್ ಬಗೆಯ ಸಂವೇದಕಕ್ಕೆ ಬೇಕಾದದ್ದೂ ಅದೇ: ಅಲ್ಲಿ ಪದರಗಳು ಗಾಜಿಗೆ ಸಮಾನಾಂತರವಾಗಿರುತ್ತವೆ, ದಪ್ಪ ಹೆಚ್ಚಿದರೆ ಪದರಗಳ ಅಂತರ ಹೆಚ್ಚಿ ಪ್ರತಿಫಲಿಸುವ ಬಣ್ಣ ಕೆಂಪಿನ ಕಡೆ ಸರಿಯುತ್ತದೆ. ಮೇಲ್ಮೈ ಗೆರೆಗಳ ನನ್ನ ಜೆಲ್‌ಗೆ ಅದೇ ಅಂಟು ಶತ್ರು. ಗೆರೆಗಳ ಅಂತರ ಬದಲಾಗದಿದ್ದರೆ ರಟ್ಟಿನ ಮೇಲೆ ಬೀಳುವ ಲೇಸರ್ ಚುಕ್ಕಿ ಮಿಸುಕುವುದಿಲ್ಲ. ಆದ್ದರಿಂದ ಜೆಲ್ಲನ್ನು ಬಿಡಿಯಾಗಿ, ಒಂದು ಅಂಚಿನಲ್ಲಷ್ಟೇ ಹಿಡಿದು, ಸಮತಲ ಗಾಜಿನ ತೊಟ್ಟಿಯಲ್ಲಿ ಇಳಿಬಿಟ್ಟೆ.

ಲೆಕ್ಕ ಸರಳ. 650 ನ್ಯಾನೊಮೀಟರ್‌ನ ಕೆಂಪು ಲೇಸರ್ 740 ನ್ಯಾನೊಮೀಟರ್ ಅಂತರದ ಗೆರೆಗಳಿಂದ ಸುಮಾರು 61 ಡಿಗ್ರಿ ಬಾಗುತ್ತದೆ. ರಟ್ಟು 10 ಸೆಂ.ಮೀ. ದೂರದಲ್ಲಿದ್ದರೆ ಚುಕ್ಕಿ ನಡುವಿನಿಂದ 18 ಸೆಂ.ಮೀ.ಗಿಂತ ತುಸು ಆಚೆ ಬೀಳುತ್ತದೆ. ಜೆಲ್ ಅಗಲದಲ್ಲಿ 5 ಪ್ರತಿಶತ ಹಿಗ್ಗಿದರೆ ಅದೇ ಚುಕ್ಕಿ 15 ಸೆಂ.ಮೀ. ಆಸುಪಾಸಿಗೆ ಬರುತ್ತದೆ. ಮೂರು ಸೆಂ.ಮೀ. ಜಾರುವುದನ್ನು ಯಾವ ಕಣ್ಣೂ ತಪ್ಪಿಸಲಾರದು! 532 ನ್ಯಾನೊಮೀಟರ್‌ನ ಹಸಿರು ಲೇಸರ್‌ನಲ್ಲಿ ಈ ಜಾರುವಿಕೆ ಒಂದೇ ಸೆಂ.ಮೀ. ಹಸಿರು ಚೆನ್ನಾಗಿ ಕಾಣುತ್ತದೆ ಎಂದು ಆರಿಸಬೇಡಿ. ತೊಟ್ಟಿಯ ಗೋಡೆಗಳು ಸಮಾನಾಂತರವಾಗಿದ್ದರೆ ದ್ರವದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಬದಲಾದರೂ ಹೊರಬೀಳುವ ಕೋನಕ್ಕೆ ಬಾಧೆಯಿಲ್ಲ, ಚುಕ್ಕಿಯ ಹೊಳಪಷ್ಟೇ ಬದಲಾಗುತ್ತದೆ. ದ್ರವದೊಳಗೆ ಚುಕ್ಕಿ ಮೊದಲೇ ಮಂಕು, ಕೋಣೆ ಕತ್ತಲಾಗಿರಲೇಬೇಕು.

ಹೋಲಿಕೆಯ ರೇಖೆ ಎಳೆಯಲು ಬೇಕಾದ, ಸಾಂದ್ರತೆ ಗೊತ್ತಿರುವ ಮಾದರಿ ದ್ರಾವಣಗಳನ್ನು ಪ್ರತಿಸಲವೂ ಒಟ್ಟು ಪ್ರಮಾಣಕ್ಕೆ ತುಂಬಿಸಿ ತಯಾರಿಸಬೇಕು. 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಸುರಿದರೆ 100 ಬರುವುದಿಲ್ಲ, ಸುಮಾರು 96 ಬರುತ್ತದೆ. ಜೆಲ್ ಉಬ್ಬಿ ಮುಗಿಯಲು ಕಾಯುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಜೆಲ್ ಅರ್ಧ ತೆಳುವಾದರೆ ಕಾಲು ಭಾಗದ ಹೊತ್ತು ಸಾಕು. ಉಷ್ಣತೆಯೂ ಉಬ್ಬುವಿಕೆಯನ್ನು ಬದಲಿಸುತ್ತದೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನದ ಅಳತೆಯನ್ನು ಡಿಸೆಂಬರ್ ಬೆಳಗಿನ ರೇಖೆಯ ಮೇಲೆ ಕೂರಿಸಬಾರದು.

ಚುಕ್ಕಿ ಎಲ್ಲ ಸಾಂದ್ರತೆಗೂ ಒಂದೇ ದಿಕ್ಕಿಗೆ ಜಾರುತ್ತಲೇ ಹೋಗುವುದಿಲ್ಲ. ಪಾಲಿಹೆಮಾ ಅತಿ ಹೆಚ್ಚು ಉಬ್ಬುವುದು ಶುದ್ಧ ನೀರಿನಲ್ಲೂ ಅಲ್ಲ, ಶುದ್ಧ ಎಥನಾಲ್‌ನಲ್ಲೂ ಅಲ್ಲ, ನಡುವಿನ ಮಿಶ್ರಣದಲ್ಲಿ. ಹಾಗಾಗಿ ಒಂದೇ ಚುಕ್ಕಿಗೆ ಎರಡು ಉತ್ತರಗಳಿರಬಹುದು. 42.8 ಪ್ರತಿಶತದ ವಿಸ್ಕಿಗೆ ನೀರು ಎಷ್ಟು ಬೆರೆಸಿದ್ದಾರೆ ಎಂದು ನೋಡಲು ಇದು ತೊಡಕಲ್ಲ. 80 ಪ್ರತಿಶತದ ಸ್ಯಾನಿಟೈಸರ್‌ಗೆ ಪಾಲಿಅಕ್ರಿಲಮೈಡ್‌ನ ಇನ್ನೊಂದು ಹಾಳೆಯನ್ನು ಜೊತೆಗೆ ಇಡುತ್ತೇನೆ. ಅದು ಎಥನಾಲ್ ಹೆಚ್ಚಿದಂತೆ ಕುಗ್ಗುತ್ತದೆ.

"ಪೊಲೀಸರು ಊದಿಸುವ ಯಂತ್ರದ ಬದಲು ಇದನ್ನೇ ಬಳಸಬಹುದಲ್ಲ?" ಎಂದು ಕೇಳದವರಿಲ್ಲ. ಆಗದು. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.; ಅಷ್ಟು ಅಲ್ಪ ಆಲ್ಕೋಹಾಲ್‌ಗೆ ನನ್ನ ಚುಕ್ಕಿ ಅಲುಗುವುದೂ ಇಲ್ಲ. ಆ ಕೆಲಸಕ್ಕೆ ಪ್ಲಾಟಿನಂ ಇರುವ ಫ್ಯೂಯೆಲ್ ಸೆಲ್ಲೇ ಸರಿ. ಇದಕ್ಕಿಂತ ದೊಡ್ಡ ಆಸೆ ಕಳ್ಳಭಟ್ಟಿಯಲ್ಲಿ ಸೇರಿಕೊಳ್ಳುವ ವಿಷಕಾರಿ ಆಲ್ಕೋಹಾಲ್ ಆದ ಮೆಥನಾಲ್ ಹಿಡಿಯುವುದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ನೂರಾರು ಜನರನ್ನು ಕೊಂದಿತ್ತು. ಆದರೆ ಪಾಲಿಹೆಮಾ ಮೆಥನಾಲ್‌ನಲ್ಲೂ ಉಬ್ಬುತ್ತದೆ. ಒಂದೇ ಹಾಳೆಯ ಚುಕ್ಕಿ ನೋಡಿ ಯಾವ ಆಲ್ಕೋಹಾಲ್ ಎಂದು ಹೇಳುವುದು ಅಸಾಧ್ಯ. ಎರಡು ಹಾಳೆಗಳ ಚುಕ್ಕಿಗಳನ್ನು ಒಂದೇ ನಕ್ಷೆಯಲ್ಲಿ ಹಾಕಿ ಎಥನಾಲ್, ಮೆಥನಾಲ್‌ಗಳನ್ನು ಬೇರ್ಪಡಿಸಿ ಗುರುತಿಸಲು ನೋಡುತ್ತಿದ್ದೇನೆ. ಅಲ್ಲಿಯವರೆಗೆ ಈ ಪೆಟ್ಟಿಗೆಯ ಮೇಲೆ "ಕುಡಿಯಲು ಯೋಗ್ಯವೇ ಎಂದು ಇದು ಹೇಳುವುದಿಲ್ಲ" ಎಂಬ ಚೀಟಿ ಇರುತ್ತದೆ.