ಜಿನೀವಾಕ್ಕೆ ಹೋಗುವುದಾದರೆ ಒಂದು ಕಲಮು ಹಿಡಿದು ಹೋಗಿ

ಗಂಗೊಳ್ಳಿ ಕಡೆಯ ನಾಡದೋಣಿಯವರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಸೀಮೆಎಣ್ಣೆ ಪರ್ಮಿಟ್ಟು, ಎಂಜಿನ್ ಸಬ್ಸಿಡಿ, ವಿಮೆಯ ಅರ್ಜಿ, ದಿನ ಬೆಳಗಾದರೆ ಇವೇ ಕೆಲಸ. ಆ ಸೀಮೆಎಣ್ಣೆ ಸಬ್ಸಿಡಿಯ ಬೆನ್ನು ಹಿಡಿದೇ 2023ರ ಸೆಪ್ಟೆಂಬರಿನಲ್ಲಿ ಮೀನುಗಾರಿಕೆ ಸಬ್ಸಿಡಿಗೂ ನಿಯಮ ಹಾಕುವ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಪಬ್ಲಿಕ್ ಫೋರಂ ಎಂಬ ಸಭೆಗೆ ಹೋದೆ. ಮರುವರ್ಷ ಮತ್ತೊಮ್ಮೆ ಹೋದೆ. ಈಗ ಬೇರೆ ಬೇರೆ ಸಂಘದವರು ಫೋನ್ ಮಾಡಿ ‘ಹೋಗುವುದು ಹೇಗೆ, ಹೋಗಿ ಮಾಡುವುದೇನು’ ಎಂದು ಕೇಳುತ್ತಾರೆ. ಅವರೆಲ್ಲರಿಗೂ ಒಟ್ಟಿಗೆ ಬರೆದಿದ್ದೇನೆ.

ಮೊದಲು, ಯಾವ ಸಭೆಗೆ ಎಂಬುದು ಸ್ಪಷ್ಟವಿರಲಿ. ಸಂಸ್ಥೆಯ ಸದಸ್ಯರ ಸಚಿವರು ಸೇರುವ ಸಚಿವರ ಸಮ್ಮೇಳನ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಬೇರೆ ಬೇರೆ ಊರಲ್ಲಿ. ತೀರ್ಮಾನ ಆಗುವುದು ಅಲ್ಲಿ, ಅದೂ ಒಮ್ಮತದಿಂದ. 166 ಸದಸ್ಯರಲ್ಲಿ ಒಬ್ಬರು ಅಡ್ಡ ಬಂದರೂ ನಿಲ್ಲುತ್ತದೆ. ನಮ್ಮಂಥ ಸಂಘಗಳು ಮುಂಚೆಯೇ ಮಾನ್ಯತೆ ಪಡೆದಿರಬೇಕು. ಪಡೆದರೂ ಭಾಷಣದ ಸಭೆಯಲ್ಲಿ ಕೂರಬಹುದಷ್ಟೆ, ಮಾತುಕತೆಯ ಕೋಣೆಗೆ ಪ್ರವೇಶವಿಲ್ಲ. ಪಬ್ಲಿಕ್ ಫೋರಂ ಹಾಗಲ್ಲ. ಪ್ರತಿವರ್ಷ ಸೆಪ್ಟೆಂಬರ್ ಹೊತ್ತಿಗೆ ಜಿನೀವಾದ ಮುಖ್ಯ ಕಚೇರಿಯಲ್ಲೇ ನಡೆಯುತ್ತದೆ, ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು, ಶುಲ್ಕವಿಲ್ಲ. ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಮತ್ತೆ ಯಾಕೆ ಹೋಗಬೇಕು? ಒಪ್ಪಂದದ ಕರಡು ತಿದ್ದುವ ಜನ ಆ ವಾರ ಅದೇ ಕಟ್ಟಡದಲ್ಲಿ ಓಡಾಡಿಕೊಂಡಿರುತ್ತಾರೆ, ನಿಂತು ಮಾತಾಡಲು ಸಿಗುತ್ತಾರೆ. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುವುದು.

ಮೊದಲ ವರ್ಷ ನಾನು 14 ಪುಟದ ಮನವಿಪತ್ರ ಒಯ್ದಿದ್ದೆ. ಕಡಲ್ಕೊರೆತ, ಮೀನಿನ ಬರ, ಸಾಲ, ಎಲ್ಲವೂ ಅದರಲ್ಲಿತ್ತು. ಕಾಫಿ ವಿರಾಮದಲ್ಲಿ ಒಬ್ಬ ಅಧಿಕಾರಿ ತಾಳ್ಮೆಯಿಂದ ಪುಟ ತಿರುವಿ, ‘ಎಲ್ಲ ಸರಿ, ಒಪ್ಪಂದದ ಯಾವ ಕಲಮು? ಅದರಲ್ಲಿ ಯಾವ ಶಬ್ದ ಬದಲಾಗಬೇಕು?’ ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಊರಿನ ದುಡ್ಡಿನಲ್ಲಿ ಅಷ್ಟು ದೂರ ಬಂದು ಬಾಯಿ ಕಟ್ಟಿ ನಿಂತದ್ದು ಇವತ್ತಿಗೂ ಮರೆತಿಲ್ಲ.

ಹಾಗಾಗಿ ತಯಾರಿ ಎಂದರೆ ಮೊದಲು ಓದುವುದು. ಮೀನುಗಾರಿಕೆ ಸಬ್ಸಿಡಿ ಒಪ್ಪಂದವನ್ನೇ ತೆಗೆದುಕೊಳ್ಳಿ. 2022ರ ಜೂನ್‌ನಲ್ಲಿ ಜಿನೀವಾದ 12ನೇ ಸಚಿವರ ಸಮ್ಮೇಳನದಲ್ಲಿ ಅಂಗೀಕಾರವಾಯಿತು, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಕಾನೂನುಬಾಹಿರ ಮೀನುಗಾರಿಕೆಗೆ, ಮಿತಿಮೀರಿ ಹಿಡಿದು ಬರಿದಾದ ಮೀನುಸಂತತಿಯನ್ನು ಹಿಡಿಯುವುದಕ್ಕೆ, ಯಾರ ಹತೋಟಿಯೂ ಇಲ್ಲದ ಆಳಸಮುದ್ರದ ಮೀನುಗಾರಿಕೆಗೆ ಸಬ್ಸಿಡಿ ಕೊಡಬಾರದು ಎನ್ನುವುದು ಅದರ ಸಾರ. ಬಾಕಿ ಉಳಿದದ್ದು ದೊಡ್ಡ ಪ್ರಶ್ನೆ: ಅತಿಯಾದ ದೋಣಿಬಲ ಬೆಳೆಸುವ, ಮಿತಿಮೀರಿ ಹಿಡಿಸುವ ಸಬ್ಸಿಡಿಗಳಿಗೆ ಏನು ನಿಯಮ? ನಮ್ಮ ಸೀಮೆಎಣ್ಣೆ, ಡೀಸೆಲ್ ಸಬ್ಸಿಡಿಯ ಮಾತು ಬರುವುದು ಈ ಪ್ರಶ್ನೆಯಲ್ಲೇ. 2022ರಲ್ಲಿ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷದ ಕಾಲಾವಕಾಶ ಕೇಳಿದ್ದು ಇದೇ ವಿಷಯಕ್ಕೆ.

ಕರಡು ಓದುವಾಗ ಎರಡು ಕಡೆ ಕಣ್ಣಿಡಿ. ಒಂದು, ಚೌಕ ಕಂಸ. ಅದರೊಳಗಿರುವ ಮಾತಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ ಎಂದರ್ಥ. ನೀವು ಕೈಹಾಕಬಹುದಾದ ಜಾಗ ಅದು; ಕಂಸ ಬಿದ್ದುಹೋದ ಸಾಲಿಗೆ ತಲೆ ಚಚ್ಚಿಕೊಂಡು ಪ್ರಯೋಜನ ಕಡಿಮೆ. ಇನ್ನೊಂದು, ಇಂಗ್ಲಿಷಿನ ‘ಶಲ್’ ಮತ್ತು ‘ಶುಡ್’. ಶಲ್ ಎಂದರೆ ನಮ್ಮ ಸರ್ಕಾರಿ ಆದೇಶದ ‘ತಕ್ಕದ್ದು’. ಶುಡ್ ಎಂದರೆ ‘ಮಾಡಿದರೆ ಒಳ್ಳೆಯದು’. ಬಡವರ ಪರವಾದ ಮಾತು ಹೆಚ್ಚಾಗಿ ಶುಡ್ ಜೊತೆಯಲ್ಲೇ ಇರುವುದನ್ನು ನಾನು ಕಂಡಿದ್ದೇನೆ. ಅದನ್ನು ಗುರುತು ಹಾಕಿಕೊಳ್ಳಿ.

ಆಮೇಲೆ ಆ ಸಾಲನ್ನು ನಿಮ್ಮ ಜನರ ಮುಂದೆ ಗಟ್ಟಿಯಾಗಿ ಓದಿ. ಒಂದು ಕರಡಿನಲ್ಲಿ, ಬಡ ಮೀನುಗಾರರಿಗೆ ಕೊಡುವ ಸಬ್ಸಿಡಿಗೆ ದಡದಿಂದ 12 ನಾಟಿಕಲ್ ಮೈಲಿನವರೆಗೆ ವಿನಾಯಿತಿ ಎಂದಿತ್ತು. ಸಂಘದ ಕೋಣೆಯಲ್ಲಿ ನಾನು ಓದಿ ಮುಗಿಸಿದಾಗ ದೋಣಿ ನಡೆಸುವ ಹಿರಿಯ ತಂಡೇಲರೊಬ್ಬರು, ‘ಅಂದ್ರೆ ಎಷ್ಟ್ ಮಾರ್ ನೀರ್?’ ಎಂದರು. ಒಪ್ಪಂದ ದೂರ ಅಳೆಯುತ್ತದೆ. ನಮ್ಮವರು ಅಳೆಯುವುದು ಆಳ. ನೆಲದ ಮೇಲೆ ಕಡಲ ನಕ್ಷೆ ಹಾಸಿ ಹುಡುಕಿದೆವು. 12 ನಾಟಿಕಲ್ ಮೈಲು ಎಂದರೆ ಸುಮಾರು 22 ಕಿಲೋಮೀಟರ್. ಬಂಗುಡೆ, ಬೂತಾಯಿ ಹಿಡಿಯುವ ನಮ್ಮ ಹೆಚ್ಚಿನ ನಾಡದೋಣಿಗಳು ಅದರೊಳಗೇ ಇರುತ್ತವೆ. ಆದರೆ ಮೀನು ಆಚೆ ಸರಿದ ತಿಂಗಳುಗಳಲ್ಲಿ ಬೀಡುಬಲೆಯವರು ಗೆರೆ ದಾಟುತ್ತಾರೆ. ಅವರೇನೂ ಆ ತಿಂಗಳು ಶ್ರೀಮಂತರಾಗಿರುವುದಿಲ್ಲ. ನನಗೆ ಬೇಕಿದ್ದ ವಾಕ್ಯ ಅಂದು ಅಲ್ಲಿ ಸಿಕ್ಕಿತು.

ಎರಡನೇ ವರ್ಷ ಒಯ್ದದ್ದು ಒಂದೇ ಹಾಳೆ. ಮೇಲೆ ಕಲಮಿನ ಸಂಖ್ಯೆ, ಕೆಳಗೆ ಈಗಿರುವ ಮಾತು, ಅದರ ಕೆಳಗೆ ನಮಗೆ ಬೇಕಾದ ಮಾತು, ಮೂರು ಸಾಲಿನ ಕಾರಣ, ನಮ್ಮ ಪುಸ್ತಕದಿಂದ ತೆಗೆದ ದೋಣಿಗಳ ಲೆಕ್ಕ. ಅಷ್ಟೇ.

ಈ ಹಾಳೆ ಜಿನೀವಾಕ್ಕಿಂತ ಮೊದಲು ದೆಹಲಿಗೆ ಹೋಗಬೇಕು. ಮೇಜಿನಲ್ಲಿ ಮಾತಾಡುವುದು ಸರ್ಕಾರ, ನಾವಲ್ಲ. ವಾಣಿಜ್ಯ ಇಲಾಖೆಗೆ, ಮೀನುಗಾರಿಕೆ ಇಲಾಖೆಗೆ, ಜಿನೀವಾದಲ್ಲಿ ಈ ಸಂಸ್ಥೆಗಾಗಿಯೇ ಇರುವ ಭಾರತದ ಕಾಯಂ ನಿಯೋಗಕ್ಕೆ ಒಂದೊಂದು ಪ್ರತಿ ಕಳಿಸಿ. ನಿಮ್ಮ ಸಂಸದರ ಬಳಿ ಹೋಗಿ, ಚುಕ್ಕೆರಹಿತ ಪ್ರಶ್ನೆಯಾಗಿ ಕೇಳಲು ಒಪ್ಪಿಸಿ. ಬರುವ ಲಿಖಿತ ಉತ್ತರ ಸದನದ ದಾಖಲೆ. ಜಿನೀವಾದಲ್ಲಿ ಅದನ್ನು ಮುಂದಿಟ್ಟು ಮಾತಾಡಿದರೆ ನಮ್ಮದೇ ಅಧಿಕಾರಿಗಳು ಬೇರೆ ರೀತಿ ಕೇಳಿಸಿಕೊಳ್ಳುತ್ತಾರೆ.

ವೀಸಾ ಶೆಂಗೆನ್ನಿನದು, ಎಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ಏಜೆಂಟರೊಬ್ಬರನ್ನು ನಂಬಿ ಆಗಸ್ಟ್‌ವರೆಗೆ ಕಾದ ನನಗೆ ಪಾಸ್‌ಪೋರ್ಟ್ ಕೈಗೆ ಬಂದದ್ದು ವಿಮಾನದ ಹಿಂದಿನ ಸಂಜೆ. ನೀವು ಜೂನ್‌ನಲ್ಲೇ ಶುರುಮಾಡಿ. ವಸತಿ ದುಬಾರಿ. ಗಡಿಯಾಚೆ ಫ್ರಾನ್ಸಿನ ಆನ್‌ಮಾಸ್‌ನಲ್ಲಿ ಕಡಿಮೆಗೆ ಸಿಗುತ್ತದೆ, ಅಲ್ಲಿಂದ ಲೇಮಾನ್ ಎಕ್ಸ್‌ಪ್ರೆಸ್ ರೈಲಿದೆ. ಜಿನೀವಾದೊಳಗಿನ ಹೋಟೆಲು, ಯೂತ್ ಹಾಸ್ಟೆಲಿನಲ್ಲಿ ಉಳಿದರೆ ಬಸ್ಸು-ಟ್ರ್ಯಾಮಿನ ಉಚಿತ ಕಾರ್ಡ್ ಕೊಡುತ್ತಾರೆ. ಎರಡನ್ನೂ ಕೂಡಿಸಿ ಕಳೆದು ನೋಡಿ. 15ನೇ ನಂಬರಿನ ಟ್ರ್ಯಾಮ್ ಹತ್ತಿ ‘ನಾಸಿಯೋಂ’ನಲ್ಲಿ ಇಳಿದು, ಕೆರೆಯ ಕಡೆ ಇಳಿಜಾರಿನಲ್ಲಿ ನಡೆದರೆ ಕಟ್ಟಡ ಬರುತ್ತದೆ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಪಕ್ಕದಲ್ಲೇ ಕೆರೆ ದಂಡೆಯ ಉದ್ಯಾನವಿದೆ, ಮಧ್ಯಾಹ್ನ ಅಲ್ಲಿ ಕೂತು ಉಣ್ಣಬಹುದು.

ಒಳಗೆ ಎಲ್ಲ ಗೋಷ್ಠಿಗೂ ಓಡಬೇಡಿ. ನಾನು ಹೋದ ಎರಡೂ ವರ್ಷ ನೂರಕ್ಕೂ ಹೆಚ್ಚು ಗೋಷ್ಠಿಗಳಿದ್ದವು. ನಿಮ್ಮ ಕಲಮಿಗೆ ತಾಗುವ ನಾಲ್ಕೈದು ಆರಿಸಿ, ಹತ್ತು ನಿಮಿಷ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಕೂರಿ. ಕಿವಿಗೆ ಹಾಕಿಕೊಳ್ಳುವ ಅನುವಾದ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ ಮಾತ್ರ, ಇಂಗ್ಲಿಷ್ ಬಲ್ಲ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ಯಿರಿ. ಪ್ರಶ್ನೆ ಕೇಳುವಾಗ ಊರು, ಕಸುಬು, ಒಂದು ಪ್ರಶ್ನೆ. ಮೂವತ್ತು ಸೆಕೆಂಡು ದಾಟಬಾರದು. ಗೋಷ್ಠಿ ಮುಗಿದ ಮೇಲೆ ಹೊರಡಬೇಡಿ, ಹಾಳೆ ಕೈಬದಲಾಗುವುದು ಆಗಲೇ. ಹಾಗೆ ನಿಂತಿದ್ದಾಗಲೇ ಸೆನೆಗಲ್‌ನ ಮೀನು ಒಣಗಿಸುವ ಹೆಂಗಸೊಬ್ಬರ ಪರಿಚಯವಾಯಿತು. ಅವರ ಫ್ರೆಂಚನ್ನು ಒಬ್ಬ ವಿದ್ಯಾರ್ಥಿನಿ ನನಗೆ ತಿಳಿಸಿದಳು. ಅವರ ಕಡಲಲ್ಲೂ ದೊಡ್ಡ ಹಡಗು ಬಂದು ಹೋದ ಮೇಲೆ ಬುಟ್ಟಿ ತುಂಬುವುದಿಲ್ಲ. ನನ್ನ ಹಾಳೆ ಅವರ ದೇಶದ ನಿಯೋಗಕ್ಕೂ ತಲುಪಿದ್ದು ಅವರಿಂದ.

ರಾತ್ರಿಯೇ ಟಿಪ್ಪಣಿ ಬರೆದಿಡಿ: ಯಾರು, ಯಾವ ದೇಶ, ಏನು ಒಪ್ಪಿದರು. ಊರಿಗೆ ಬಂದ ವಾರದೊಳಗೆ ಅವರೆಲ್ಲರಿಗೂ ಮೇಲ್ ಹಾಕಿ.

ಒಪ್ಪಂದ ಜಾರಿಯಾದ ನಾಲ್ಕು ವರ್ಷದೊಳಗೆ ಬಾಕಿ ನಿಯಮ ಆಗದಿದ್ದರೆ, ಸಂಸ್ಥೆಯ ಸಾಮಾನ್ಯ ಮಂಡಳಿ ಬೇರೆ ತೀರ್ಮಾನ ಮಾಡದ ಹೊರತು ಇಡೀ ಒಪ್ಪಂದವೇ ರದ್ದಾಗುತ್ತದೆ. ಎಂದರೆ 2029ರ ಸೆಪ್ಟೆಂಬರ್‌ವರೆಗೆ ಕಂಸಗಳು ತೆರೆದಿರುತ್ತವೆ. ನಮ್ಮ ಸಂಘದಲ್ಲಿ ಈಗ ಪ್ರತಿ ದೋಣಿಗೂ ಒಂದು ಪುಟ ತೆರೆದಿದ್ದೇವೆ: ಎಷ್ಟು ದೂರ ಹೋದರು, ಎಷ್ಟು ಮಾರು ನೀರು, ಎಷ್ಟು ಲೀಟರ್ ಸೀಮೆಎಣ್ಣೆ, ಎಷ್ಟು ಬುಟ್ಟಿ ಮೀನು. ತಂಡೇಲರೇ ಬಂದು ಬರೆಸುತ್ತಾರೆ.