ಪುಣೆಯ ಟೆರೇಸಿನಲ್ಲಿ ಬೇಸಿಗೆ ತರಕಾರಿ: ಎಲೆ ಜೋತ ಕೂಡಲೇ ನೀರು ಸುರಿಯಬೇಡಿ

ಏಪ್ರಿಲ್ ಬಂತೆಂದರೆ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಟೆರೇಸಿನ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಹಾಗಂತ ಕುಂಡಗಳನ್ನು ಖಾಲಿ ಬಿಡಬೇಕಿಲ್ಲ. ಬೆಂಡೆ, ಬದನೆ, ಚವಳಿಕಾಯಿ, ಹೀರೆ, ರಾಜಗಿರಿ ಸೊಪ್ಪು ಈ ಬಿಸಿಲಿಗೂ ಬರುತ್ತವೆ. ಟೊಮೆಟೊ ಮಾತ್ರ ಈಗ ಬೇಡ. ಸೆಕೆ ಜಾಸ್ತಿಯಾದರೆ ಅದರ ಹೂವು ಕಾಯಿ ಕಟ್ಟದೆ ಉದುರುತ್ತದೆ.

ಮೊದಲ ಕೆಲಸ ಬೇರನ್ನು ತಂಪಾಗಿಡುವುದು. ಕುಂಡವನ್ನು ನೇರವಾಗಿ ಸ್ಲ್ಯಾಬ್ ಮೇಲೆ ಇಡಬೇಡಿ, ಕೆಳಗೆ ಎರಡು ಇಟ್ಟಿಗೆ ಕೊಡಿ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಸುತ್ತ ಗೋಣಿಚೀಲ ಕಟ್ಟಿ. ಮಣ್ಣಿನ ಮೇಲೆ ಎರಡು ಇಂಚು ಮುಚ್ಚಿಗೆ ಹಾಕಿ. ಅದಕ್ಕೆ ನಾನು ಮೂಲೆಯ ರಸವಂತಿ (ಕಬ್ಬಿನ ಹಾಲಿನ) ಅಂಗಡಿಯಿಂದ ಕಬ್ಬಿನ ಸಿಪ್ಪೆ ತರುತ್ತೇನೆ. ಕೇಳಿದರೆ ಸುಮ್ನೆ ಕೊಡುತ್ತಾರೆ. ಹಸಿಯಾಗಿ ಹಾಕಿದರೆ ಇರುವೆ ಮುತ್ತುತ್ತದೆ, ಹಾಗಾಗಿ ಮೂರ್ನಾಲ್ಕು ದಿನ ಚೆನ್ನಾಗಿ ಒಣಗಿಸಿ. ಮೇಲೆ 50 ಪರ್ಸೆಂಟಿನ, ಅಂದರೆ ಅರ್ಧ ಬಿಸಿಲು ತಡೆಯುವ ಗ್ರೀನ್ ನೆಟ್ ಸಾಕು. ಅದಕ್ಕಿಂತ ದಟ್ಟವಾದದ್ದು ಕಟ್ಟಿದರೆ ಬೆಂಡೆ ಬರೀ ಉದ್ದವಾಗುತ್ತದೆ, ಕಾಯಿ ಕಡಿಮೆ.

ಇನ್ನು ನೀರು. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ವರ್ಷ ನನ್ನ ಬದನೆ ಎಲೆಗಳು ಮಧ್ಯಾಹ್ನ ಎರಡಕ್ಕೆ ಜೋತು ಬಿದ್ದವು. ಹೆದರಿ ದಿನಕ್ಕೆ ಮೂರು ಸಲ ನೀರು ಹಾಕಿದೆ. ಎರಡೇ ವಾರದಲ್ಲಿ ಬೇರು ಕೊಳೆತು ಐದೂ ಗಿಡ ಹೋದವು. ಇವತ್ತಿಗೂ ಬೇಸರವಾಗುತ್ತದೆ. ಸುಡುವ ಹೊತ್ತಿನಲ್ಲಿ ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರು ಮೇಲೆತ್ತಲಾರದು, ಅದಕ್ಕೇ ಎಲೆ ಜೋಲುತ್ತದೆ. ಸಂಜೆ ಮತ್ತೆ ನೆಟ್ಟಗಾದರೆ ಗಿಡ ಚೆನ್ನಾಗಿದೆ ಎಂದೇ ಅರ್ಥ. ಬೆಳಿಗ್ಗೆಯೂ ಜೋತಿದ್ದರೆ ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಜೋತಿದ್ದರೆ ಬೇರಿಗೆ ತೊಂದರೆಯಾಗಿದೆ, ನೀರು ನಿಲ್ಲಿಸಿ. ಬೆಳಿಗ್ಗೆ ಏಳರೊಳಗೆ ಕುಂಡದ ತಳದಿಂದ ಹರಿಯುವಷ್ಟು ಹಾಕಿದರೆ ಸಾಮಾನ್ಯವಾಗಿ ದಿನಕ್ಕೆ ಅದೇ ಸಾಕು. ಸೊಸೈಟಿಗೆ ಟ್ಯಾಂಕರ್ ಬರುವ ದಿನಗಳಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಎತ್ತಿಟ್ಟುಕೊಳ್ಳಿ.

ನೀರು ಹಾಕುವಾಗಲೇ ಎಲೆ ತಿರುವಿ ನೋಡಿ. ಬೇಸಿಗೆಯ ಕೀಟಗಳು ಕೂರುವುದು ಎಲೆಯ ಅಡಿಯಲ್ಲಿ. ಮುಟ್ಟಿದರೆ ಬಿಳಿ ಪುಡಿಯಂತೆ ಹಾರುವುದು ಬಿಳಿ ನೊಣ. ಹತ್ತಿಯಂತೆ ಅಂಟಿದ್ದು ಹಿಟ್ಟು ತಿಗಣೆ. ಸಣ್ಣ ಚುಕ್ಕೆಗಳ ಜೊತೆ ತೆಳು ಬಲೆ ಕಂಡರೆ ನುಸಿ. ಮೊದಲು ಜೋರಾಗಿ ನೀರು ಚಿಮುಕಿಸಿ ತೊಳೆಯಿರಿ. ನುಸಿ ಅರ್ಧ ಇದರಲ್ಲೇ ಹೋಗುತ್ತದೆ. ಉಳಿದದ್ದಕ್ಕೆ 5 ಮಿಲಿ ಬೇವಿನೆಣ್ಣೆಯನ್ನು ಕೆಲವು ಹನಿ ಸೋಪಿನ ದ್ರವದೊಂದಿಗೆ ಕಲಸಿ, ಒಂದು ಲೀಟರ್ ನೀರಿಗೆ ಬೆರೆಸಿ. ಸಂಜೆ ಬಿಸಿಲು ಇಳಿದ ಮೇಲೆಯೇ ಸಿಂಪಡಿಸಿ, ಹಗಲಲ್ಲಿ ಎಲೆ ಸುಡುತ್ತದೆ. ವಾರ ಬಿಟ್ಟು ಮತ್ತೊಮ್ಮೆ.

ಬೆಂಡೆ ಎಲೆಯ ನರಗಳು ಹಳದಿಯಾದರೆ ಅದು ಬಿಳಿ ನೊಣ ಹರಡುವ ಹಳದಿ ನಂಜು ಎಂಬ ವೈರಸ್ ರೋಗ. ಅದಕ್ಕೆ ಔಷಧಿ ಇಲ್ಲ. ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಕಾಯಿ ಬಿಡುತ್ತಿರುವ ಗಿಡವನ್ನು ಕೀಳಲು ಮನಸ್ಸು ಬರುವುದಿಲ್ಲ ಅಲ್ವಾ? ಆದರೆ ಉಳಿಸಿಕೊಂಡರೆ ಪಕ್ಕದ ಗಿಡಗಳಿಗೂ ಹಬ್ಬುತ್ತದೆ. ಮುಂದಿನ ಸಲ ಬೀಜ ಕೊಳ್ಳುವಾಗಲೇ ಎಚ್ಚರ ವಹಿಸಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ, ಮಹಾರಾಷ್ಟ್ರದ ಪರ್ಭಣಿ ಕೃಷಿ ವಿಶ್ವವಿದ್ಯಾಲಯದ ಪರ್ಭಣಿ ಕ್ರಾಂತಿ, ಎರಡೂ ಈ ನಂಜನ್ನು ತಾಳಿಕೊಳ್ಳಲೆಂದು ಬೆಳೆಸಿದ ತಳಿಗಳು.

ಹೀರೆ, ಸೌತೆ ಎಲೆಗೆ ಬಿಳಿ ಪುಡಿ ಬಳಿದಂತೆ ಕಾಣುವ ಬೂದಿ ರೋಗ ಬಂದರೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಬೆಳಿಗ್ಗೆ ಸಿಂಪಡಿಸಿ. ಗಂಧಕದ ಪುಡಿ ಈ ಸೆಕೆಯಲ್ಲಿ ಬೇಡ, ಎಲೆ ಸುಡುತ್ತದೆ.

ಮೇ ತಿಂಗಳ ಸಂಜೆ ಗುಡುಗಿನ ಮಳೆ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ನೆಟ್ಟನ್ನು ಇಳಿಜಾರಾಗಿ ಬಿಗಿದು ಕಟ್ಟಿದ್ದರೆ ಕಲ್ಲು ಜಾರಿ ಹೋಗುತ್ತದೆ, ಜೋಲಿದ್ದರೆ ಕಲ್ಲು ಅಲ್ಲೇ ನಿಂತು ನೆಟ್ ಹರಿದುಹೋಗುತ್ತದೆ. ಮರುದಿನ ಮುರಿದ ಟೊಂಗೆ ಕತ್ತರಿಸಿ, ಕುಂಡದ ಕೆಳಗಿನ ತಟ್ಟೆಗಳ ನೀರು ಚೆಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ. ಜೂನಿನಲ್ಲಿ ಮೋಡ ಕವಿದು ಮಳೆ ಹಿಡಿದ ಮೇಲೆ ನೆಟ್ ಬಿಚ್ಚಿ, ಚೆನ್ನಾಗಿ ಒಣಗಿಸಿ ಮಡಚಿಡಿ.