ಕೀಬೋರ್ಡಿನ ಕೊಳಲು ಹಾರ್ಮೋನಿಯಂ ಥರ ಕೇಳುತ್ತಿತ್ತು, ಸರಿಹೋದದ್ದು ಹೀಗೆ

ಟೋನ್ ಕೊಳಲಿನದೇ, ಕೇಳಿದರೆ ಹಾರ್ಮೋನಿಯಂ. ಟೋನ್ ಬದಲಿಸಿದರೂ ಅದೇ ಕಥೆ. ತಪ್ಪಿದ್ದದ್ದು ಬೆರಳಿನಲ್ಲಿ.

ಮೊದಲು ಕಾರ್ಡ್ (ಹಲವು ಸ್ವರ ಒಟ್ಟಿಗೆ ಒತ್ತುವುದು) ಬಿಟ್ಟು, ಒಂದೇ ಸ್ವರ ನುಡಿಯುವ ಮೋನೋ ಮೋಡ್‌ಗೆ ಹಾಕಿದೆ. ಕೊಳಲಿನಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಬೆರಳೆತ್ತಿದರೂ ನಾದ ಉಳಿಸುವ ಸಸ್ಟೇನ್ ಪೆಡಲಿನಿಂದ ಕಾಲು ತೆಗೆದೆ. ಪ್ರತಿ ಸಾಲಿನ ಕೊನೆಗೆ ಬೆರಳೆತ್ತಿ ಉಸಿರಿಗೆ ಜಾಗ ಕೊಟ್ಟೆ. ಇದೊಂದರಿಂದಲೇ ಅರ್ಧ ಸರಿಹೋಯಿತು. ಕಂಪನ ಕೊಡುವ ಮಾಡ್ಯುಲೇಶನ್ ವೀಲ್ ಶುರುವಿನಲ್ಲಿ ಸೊನ್ನೆ. ಉದ್ದ ಸ್ವರ ಅರ್ಧ ಸೆಕೆಂಡ್ ನಿಂತ ಮೇಲೆ ನಿಧಾನಕ್ಕೆ ಮೂರನೇ ಒಂದು ಭಾಗದವರೆಗೆ. ಮೊದಲಿಂದಲೇ ಕಂಪನ ಕೊಟ್ಟರೆ ಮೇಕೆ ಕೂಗಿದ ಹಾಗಾಗುತ್ತದೆ.

ಗಮಕಕ್ಕೆ ಪಿಚ್ ಬೆಂಡ್, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ವೀಲ್. ಸಾಮಾನ್ಯವಾಗಿ ಅದರ ವ್ಯಾಪ್ತಿ 2 ಸೆಮಿಟೋನ್ (ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್). ಮೋಹನ ರಾಗದ ರಿ ಒತ್ತಿ ವೀಲನ್ನು ಪೂರ್ತಿ ಮೇಲೆ ತಳ್ಳಿದರೆ ಸರಿಯಾಗಿ ಗ ಸಿಗುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ರಿಯಿಂದ ಗಕ್ಕೆ 3 ಸೆಮಿಟೋನ್. ವ್ಯಾಪ್ತಿ ಹೆಚ್ಚಿಸದಿದ್ದರೆ ಗ ತಗ್ಗಿಯೇ ನಿಲ್ಲುತ್ತದೆ, ಕೇಳುವವರಿಗೆ ಅಪಸ್ವರ.

ವೀಣೆ ಟೋನ್‌ಗೆ ಇದೆಲ್ಲ ತಿರುವುಮುರುವು. ಪ್ರತಿ ಸ್ವರಕ್ಕೂ ಕೀ ಒತ್ತಬಾರದು: ಒಮ್ಮೆ ಗಟ್ಟಿಯಾಗಿ ಒತ್ತಿ, ನಾದ ಕರಗುವ ಮೊದಲು ಬೆಂಡಿನಲ್ಲೇ ಮುಂದಿನ ಎರಡು ಸ್ವರ ಎಳೆಯಬೇಕು. ಮಾಡ್ಯುಲೇಶನ್ ಮುಟ್ಟಲೇಬೇಡಿ. ಸ್ಟ್ರಿಂಗ್ಸ್ (ಪಿಟೀಲು ಗುಂಪಿನ) ಟೋನ್‌ನಲ್ಲಿ ನಾದ ತಡವಾಗಿ ಏಳುತ್ತದೆ, ಆದ್ದರಿಂದ ಕೀಯನ್ನು ತಾಳಕ್ಕಿಂತ ಕೂದಲೆಳೆ ಮುಂಚೆ ಒತ್ತಬೇಕು.